ಯಾರೂ ಕೊಯ್ಯದ ಅಡ್ಡಕೊಯ್ತ

ಅಡ್ಡಕೊಯ್ತ ಎಂಬ ಮಾತು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಮೊದಲು ಬೀಳುವುದು ಜೀವಶಾಸ್ತ್ರದ ತರಗತಿಯಲ್ಲಿ. ಗಿಡದ ದಂಟನ್ನು ಬ್ಲೇಡಿನಿಂದ ಅಡ್ಡಡ್ಡಲಾಗಿ, ಉಸಿರು ಬಿಗಿಹಿಡಿದು, ತೆಳ್ಳಗೆ ಕೊಯ್ಯಬೇಕು. ಸೂಕ್ಷ್ಮದರ್ಶಕದಡಿ ಇಟ್ಟು, ಕಂಡದ್ದನ್ನು ಬರೆದು, ಭಾಗಗಳನ್ನು ಗುರುತಿಸಬೇಕು. ಭೌತಶಾಸ್ತ್ರದ ಮೇಷ್ಟ್ರು ಅದೇ ಪದವನ್ನು ತಂತಿಗೆ ಹಚ್ಚುತ್ತಾರೆ: ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೂ ವಿದ್ಯುತ್ತಿಗೆ ರೋಧ ಕಡಿಮೆ. ದಂಟನ್ನು ನಿಜಕ್ಕೂ ಕೊಯ್ದಿರುತ್ತೇವೆ, ತಂತಿಯನ್ನು ಬೇಕೆಂದರೆ ಕೊಯ್ಯಬಹುದು. ಇಲ್ಲಿಯವರೆಗೆ ಪದ ಪ್ರಾಮಾಣಿಕವಾಗಿಯೇ ಇದೆ.

ಪ್ಲಾಸ್ಮಾ ಭೌತವಿಜ್ಞಾನಕ್ಕೆ ಕಾಲಿಟ್ಟ ಮೇಲೆ ಅದರ ನಡತೆ ಬದಲಾಗುತ್ತದೆ. ಆರ್ಗಾನ್ ಅನಿಲದ ಪರಮಾಣುವಿನತ್ತ 12 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನೊಂದು ಹೊರಟರೆ ಅದಕ್ಕೆ ಎದುರಾಗುವ ಅಡ್ಡಕೊಯ್ತ ದೊಡ್ಡದು. 0.3 ಎಲೆಕ್ಟ್ರಾನ್ ವೋಲ್ಟಿನದು ಹೊರಟರೆ ಅದೇ ಪರಮಾಣುವಿನ ಅಡ್ಡಕೊಯ್ತ ಹತ್ತಾರು ಪಟ್ಟು ಕುಗ್ಗಿರುತ್ತದೆ. ಪರಮಾಣು ಬದಲಾಗಿಲ್ಲ, ಅದರತ್ತ ಬರುವ ಎಲೆಕ್ಟ್ರಾನಿನ ವೇಗ ಮಾತ್ರ ಬದಲಾಗಿದೆ. ಬರುವವರನ್ನು ನೋಡಿಕೊಂಡು ಹಿಗ್ಗಿ ಕುಗ್ಗುವ ಈ ‘ವಿಸ್ತೀರ್ಣ’ಕ್ಕೆ ವಿಸ್ತೀರ್ಣವೆಂಬ ಹೆಸರು ಹೇಗೆ ಉಳಿಯಿತು?

ಪ್ರಶ್ನೆ ಬರಿಯ ಪದಗಳ ಚಪಲದ್ದಲ್ಲ. ಟ್ಯೂಬ್‌ಲೈಟಿನೊಳಗೆ, ಚಿಪ್ ಕೆತ್ತುವ ಕಾರ್ಖಾನೆಯ ನಿರ್ವಾತ ಪೆಟ್ಟಿಗೆಯೊಳಗೆ, ಸಿಡಿಲಿನ ದಾರಿಯಲ್ಲಿ, ವಿದ್ಯುತ್ ಸಬ್‌ಸ್ಟೇಷನ್ನಿನ ಸ್ವಿಚ್ಚಿನಲ್ಲಿ ನಡೆಯುವುದೆಲ್ಲ ಎಲೆಕ್ಟ್ರಾನುಗಳು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆದು ಚದುರುವ ಆಟ. ಇದನ್ನು ಕಂಪ್ಯೂಟರಿನಲ್ಲಿ ಮರುರೂಪಿಸಹೊರಟವರು ಮೊದಲು ಕೇಳುವುದೇ ಆ ಅನಿಲದ ಅಡ್ಡಕೊಯ್ತಗಳ ಪಟ್ಟಿ ಎಲ್ಲಿದೆ ಎಂದು. ಪಟ್ಟಿ ಇಲ್ಲದೆ ಲೆಕ್ಕ ಶುರುವಾಗುವುದೇ ಇಲ್ಲ.

ಮೊದಲು ಪದದ ಮನೆತನ ನೋಡೋಣ. ಇಂಗ್ಲಿಷಿನ ಕ್ರಾಸ್ ಸೆಕ್ಷನ್‌ನಲ್ಲಿರುವ ಸೆಕ್ಷನ್ ಲ್ಯಾಟಿನ್ನಿನಿಂದ ಬಂದದ್ದು, ಕತ್ತರಿಸು ಎಂಬರ್ಥದ ಸೆಕಾರೆ ಧಾತುವಿನಿಂದ. ಜರ್ಮನ್ನರ ಕ್ವೇರ್‌ಶ್ನಿಟ್ ಕೂಡ ಅದೇ ಅಚ್ಚಿನದು: ಕ್ವೇರ್ ಎಂದರೆ ಅಡ್ಡ, ಶ್ನಿಟ್ ಎಂದರೆ ಕೊಯ್ತ. ನಮ್ಮಲ್ಲಿ ಎರಡು ರೂಪಗಳು ಓಡಾಡುತ್ತಿವೆ. ಅಡ್ಡಛೇದ ಅರ್ಧ ಕನ್ನಡ, ಅರ್ಧ ಸಂಸ್ಕೃತ. ಛಿದ್ ಧಾತುವಿನ ಇಂಡೋ-ಯುರೋಪಿಯನ್ ನಂಟರು ಲ್ಯಾಟಿನ್ನಿನ ಸ್ಕಿಂಡೆರೆ, ಗ್ರೀಕಿನ ಸ್ಖಿಜೈನ್. ಹಾಗಾಗಿ ತಂತಿಯ ಅಡ್ಡಛೇದಕ್ಕೂ ಸ್ಕಿಜೋಫ್ರೇನಿಯಾಕ್ಕೂ ದೂರದ ಸಂಬಂಧವಿದೆ. ಅಡ್ಡಕೊಯ್ತ ಮಾತ್ರ ಅಪ್ಪಟ ದ್ರಾವಿಡ ಕುಳ.

ಆ ‘ಅಡ್ಡ’ದಲ್ಲಿ ಇಂಗ್ಲಿಷಿನ ಕ್ರಾಸ್‌ಗೆ ಇಲ್ಲದ ಒಂದು ಕಸುವಿದೆ. ಅದು ಬರೀ ದಿಕ್ಕನ್ನು ಹೇಳುವ ಮಾತಲ್ಲ, ತಡೆಯನ್ನೂ ಹೇಳುತ್ತದೆ. ಅಡ್ಡಿ, ಅಡ್ಡಗಟ್ಟು, ಅಡ್ಡಗೋಡೆ, ಅಡ್ಡಬಂದ. ಶೃಂಗೇರಿಯ ಗುರುಗಳ ಅಡ್ಡಪಲ್ಲಕ್ಕಿ ಬೀದಿಗೆ ಅಡ್ಡಲಾಗಿ ಸಾಗುತ್ತದೆ, ಬೀದಿಯಗಲ ಪೂರ್ತಿ ಅದಕ್ಕೇ ಮೀಸಲು, ಎದುರು ಬಂದವರು ನಿಲ್ಲಲೇಬೇಕು. ಎಲೆಕ್ಟ್ರಾನಿನ ದಾರಿಯಲ್ಲಿ ಅಣು ಎಷ್ಟರಮಟ್ಟಿಗೆ ಅಡ್ಡ ಬರುತ್ತದೆ ಎಂಬುದೇ ಇಲ್ಲಿನ ವಿಷಯವಾದ್ದರಿಂದ, ಪದದ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ತಕರಾರು ಕೊಯ್ತದ್ದು. ಅಣುವನ್ನು ಯಾರೂ ಕೊಯ್ಯುತ್ತಿಲ್ಲವಲ್ಲ!

ಕೊಯ್ಯದ ಕೊಯ್ತದ ಕಥೆ ಶುರುವಾಗುವುದು ಒಂದು ಆಕ್ಷೇಪಣೆಯಿಂದ. 1857ರಲ್ಲಿ ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್, ಅನಿಲದ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಧಾವಿಸುತ್ತಿರುತ್ತವೆ ಎಂದು ಲೆಕ್ಕ ಹಾಕಿದ್ದ. ಡಚ್ ಹವಾಮಾನ ವಿಜ್ಞಾನಿ ಬೈಸ್ ಬಾಲಟ್ ನೇರವಾಗಿ ಕೇಳಿದ: ಹಾಗಿದ್ದರೆ ಕೋಣೆಯ ಒಂದು ಮೂಲೆಯಲ್ಲಿ ಬಿಟ್ಟ ವಾಸನೆ ಇನ್ನೊಂದು ಮೂಲೆಗೆ ಆ ಕ್ಷಣವೇ ಏಕೆ ಮುಟ್ಟುವುದಿಲ್ಲ? 1858ರಲ್ಲಿ ಕ್ಲಾಸಿಯಸ್ ಕೊಟ್ಟ ಉತ್ತರ: ಅಣುಗಳು ನೆಟ್ಟಗೆ ಹೋಗುವುದಿಲ್ಲ, ದಾರಿಯುದ್ದಕ್ಕೂ ಒಂದಕ್ಕೊಂದು ಡಿಕ್ಕಿಯಾಗಿ ತಿರುಗುತ್ತವೆ. ಎರಡು ಡಿಕ್ಕಿಗಳ ನಡುವೆ ಸರಾಸರಿ ಎಷ್ಟು ದೂರ ಹೋಗಬಹುದು ಎಂಬುದನ್ನು ಕಂಡುಹಿಡಿಯಲು ಅವನು ಪ್ರತಿ ಅಣುವಿನ ಸುತ್ತ ಒಂದು ‘ಪ್ರಭಾವ ಗೋಳ’ವನ್ನು ಕಲ್ಪಿಸಿದ. ಜರ್ಮನ್ನಿನಲ್ಲಿ ಆ ಪ್ರಭಾವಕ್ಕೆ ವಿರ್ಕುಂಗ್ ಎಂದು ಹೆಸರು. ಈ ಪದ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಡಿಕೆ ತೋಟದ ಬೇಲಿಯ ಬಳಿ ನಿಂತು, ಕಣ್ಣು ಮುಚ್ಚಿ, ಒಳಕ್ಕೆ ಕಲ್ಲೆಸೆದರೆ ಅದು ಎಷ್ಟು ದೂರ ಹೋಗಿ ಮರಕ್ಕೆ ಬಡಿಯುತ್ತದೆ? ಮರಗಳು ಎಷ್ಟು ಒತ್ತಾಗಿವೆ, ಒಂದೊಂದು ಮರ ಎಷ್ಟು ದಪ್ಪ ಎಂಬ ಎರಡೇ ಸಂಗತಿ ಗೊತ್ತಿದ್ದರೆ ಸಾಕು. ಕ್ಲಾಸಿಯಸ್ಸನ ಲೆಕ್ಕ ಇಷ್ಟೇ. ಗೋಳವನ್ನು ಎದುರಿನಿಂದ ನೋಡಿದಾಗ ಕಾಣುವ ದುಂಡನೆಯ ಬಿಲ್ಲೆಯ ವಿಸ್ತೀರ್ಣವೇ ಅಣುವಿನ ಅಡ್ಡಕೊಯ್ತ. ಗೋಳದ ನಡುಮಧ್ಯಕ್ಕೆ ಮನಸ್ಸಿನಲ್ಲೇ ಒಂದು ಕೊಯ್ತ ಹಾಕಿದ್ದೇವೆ ಅಷ್ಟೆ. ಆದರೆ ಅಲ್ಲಿಗೇ ಪದ ಒಂದು ಹೆಜ್ಜೆ ಜಾರಿದೆ. ದಂಟಿನ ಅಡ್ಡಕೊಯ್ತ ಒಳಗೇನಿದೆ ಎಂದು ತೋರಿಸಲು. ಅಣುವಿನದು ಹೊರಗಿನವರಿಗೆ ಅದು ಎಷ್ಟು ದೊಡ್ಡ ಗುರಿ ಎಂದು ತೋರಿಸಲು.

ಕಲ್ಲಿನ ಬದಲು ಎಲೆಕ್ಟ್ರಾನ್ ಎಸೆಯುವ ಕಾಲ ಬಂದದ್ದು ಫಿಲಿಪ್ ಲೆನಾರ್ಡ್‌ನಿಂದ. ಕ್ಯಾಥೋಡ್ ಕಿರಣಗಳನ್ನು ತೆಳು ಲೋಹದ ಹಾಳೆಯ ಕಿಟಕಿಯಿಂದ ಕೊಳವೆಯ ಹೊರಗೆ ತಂದು, ಬೇರೆ ಬೇರೆ ವಸ್ತುಗಳಲ್ಲಿ ಅವು ಎಷ್ಟು ದೂರ ಹೋಗಿ ಅಳಿಯುತ್ತವೆ ಎಂದು ಅಳೆದವನು ಆತ. 1905ರ ನೊಬೆಲ್ ಬಂದದ್ದು ಕ್ಯಾಥೋಡ್ ಕಿರಣಗಳ ಈ ಕೆಲಸಕ್ಕೆ. ನಿಧಾನದ ಕಿರಣಗಳಿಗೆ ಅಣು ಹೆಚ್ಚುಕಡಿಮೆ ಕ್ಲಾಸಿಯಸ್ ಸಂಪ್ರದಾಯದ ಗಾತ್ರದ್ದಾಗಿಯೇ ಕಾಣುತ್ತಿತ್ತು. ವೇಗದ ಕಿರಣಗಳಿಗೆ ಅದೇ ಅಣು ಇದ್ದೂ ಇಲ್ಲದಂತೆ, ಆರ್‌ಪಾರ್ ದಾಟಿಹೋಗುವಷ್ಟು ಚಿಕ್ಕದು. ಪರಮಾಣುವಿನೊಳಗೆ ಬಹುಪಾಲು ಖಾಲಿ ಎಂದು ಲೆನಾರ್ಡ್ ಇದರಿಂದ ಊಹಿಸಿದ, ರದರ್ಫರ್ಡ್‌ನ ನ್ಯೂಕ್ಲಿಯಸ್ ಬರುವುದಕ್ಕೂ ಮೊದಲು. ಇಷ್ಟು ಚುರುಕಿನ ಮನುಷ್ಯ ಮುಂದೆ ಹಿಟ್ಲರನ ಪರಮಭಕ್ತನಾಗಿ, ಐನ್‌ಸ್ಟೈನ್ ವಿರುದ್ಧ ‘ಜರ್ಮನ್ ಭೌತವಿಜ್ಞಾನ’ ಎಂಬ ಹೊಲಸು ಚಳವಳಿಗೆ ಮುಂದಾಳಾದ.

ಲೆನಾರ್ಡ್‌ನ ಕೈಕೆಳಗೆ ಹೈಡೆಲ್‌ಬರ್ಗಿನಲ್ಲಿ ದುಡಿದ ಕಾರ್ಲ್ ರಾಮ್‌ಸೌಅರ್ ಈ ಪದದ ಬಾಳಿನಲ್ಲಿ ಬಹಳ ಮುಖ್ಯ. 1921ರಲ್ಲಿ ಅವನು ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ವಿರ್ಕುಂಗ್ಸ್‌ಕ್ವೇರ್‌ಶ್ನಿಟ್ ಎಂಬ ಉದ್ದನೆಯ ಪದವಿದೆ: ನಿಧಾನಗತಿಯ ಎಲೆಕ್ಟ್ರಾನುಗಳ ಎದುರು ಅನಿಲದ ಅಣುಗಳ ಪ್ರಭಾವಿ ಅಡ್ಡಕೊಯ್ತ. ಕ್ಲಾಸಿಯಸ್ಸನ ವಿರ್ಕುಂಗ್ ಇಲ್ಲಿ ಅಡ್ಡಕೊಯ್ತದ ಬೆನ್ನೇರಿದೆ. ಫ್ರೆಂಚರು ಇಂದಿಗೂ ಸೆಕ್ಸಿಯೋಂ ಎಫಿಕಾಸ್ ಎಂದು ಆ ವಿಶೇಷಣವನ್ನು ಬಿಡದೆ ಹೇಳುತ್ತಾರೆ. ಇಂಗ್ಲಿಷಿನವರು ಅದನ್ನು ಉದುರಿಸಿಬಿಟ್ಟರು, ಅವರ ಹಿಂದೆ ನಾವೂ ಉದುರಿಸಿದೆವು. ಆ ಒಂದು ವಿಶೇಷಣ ಉಳಿದಿದ್ದರೆ ಇದು ಗಾತ್ರವಲ್ಲ, ಪರಿಣಾಮ ಎಂಬ ಎಚ್ಚರಿಕೆ ಓದುವವರಿಗೆ ಪ್ರತಿಸಲವೂ ಸಿಗುತ್ತಿತ್ತು.

ರಾಮ್‌ಸೌಅರ್‌ನ ಉಪಕರಣ ಬಹಳ ನಾಜೂಕಿನದು. ನೇರಳಾತೀತ ಬೆಳಕು ಬಿದ್ದ ಲೋಹದ ತಗಡಿನಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಕಾಂತಕ್ಷೇತ್ರ ಅವನ್ನು ವೃತ್ತಾಕಾರಕ್ಕೆ ಬಾಗಿಸುತ್ತದೆ. ಆ ವೃತ್ತದ ದಾರಿಯಲ್ಲಿ ಸಣ್ಣ ಸೀಳುಗಳು. ಸರಿಯಾದ ವೇಗದವು ಮಾತ್ರ ಎಲ್ಲ ಸೀಳುಗಳನ್ನೂ ದಾಟಿ ಕೊನೆಗೆ ತಲುಪುತ್ತವೆ. ಈಗ ಪೆಟ್ಟಿಗೆಗೆ ಒಂದಿಷ್ಟು ಅನಿಲ ಬಿಡಬೇಕು. ಅಣುವಿಗೆ ತಗುಲಿ ಸ್ವಲ್ಪ ತಿರುಗಿದ ಎಲೆಕ್ಟ್ರಾನ್ ಸೀಳಿನ ಅಂಚಿಗೆ ಬಡಿದು ಕಳೆದುಹೋಗುತ್ತದೆ. ಹೊರಟವೆಷ್ಟು, ತಲುಪಿದವೆಷ್ಟು ಎಂಬ ಅಂತರದಿಂದ ಅಡ್ಡಕೊಯ್ತ ಲೆಕ್ಕಕ್ಕೆ ಸಿಗುತ್ತದೆ.

ಕೊಯ್ತದ ಮೇಲಿನ ನನ್ನ ತಕರಾರು ಇಲ್ಲಿ ಅರ್ಧ ಸಡಿಲವಾಗುತ್ತದೆ. ಕನ್ನಡದ ಕೊಯ್ ಧಾತುವಿಗೆ ಕತ್ತರಿಸುವುದೊಂದೇ ಕೆಲಸವಲ್ಲ. ಹೂ ಕೊಯ್ಯುತ್ತೇವೆ, ಮಾವಿನಕಾಯಿ ಕೊಯ್ಯುತ್ತೇವೆ, ಪೈರಿನ ಕೊಯ್ಲು ಮಾಡುತ್ತೇವೆ. ರಾಮ್‌ಸೌಅರ್ ಅಳೆದದ್ದು ಅಣುವನ್ನು ಕೊಯ್ದು ಬಂದ ಮುಖವನ್ನಲ್ಲ. ಹರಿಯುವ ಎಲೆಕ್ಟ್ರಾನುಗಳಲ್ಲಿ ಅಣು ಎಷ್ಟನ್ನು ಕೊಯ್ದುಕೊಂಡಿತು ಎಂಬುದನ್ನು. ಪದ ಕಟ್ಟಿದವರ ಮನಸ್ಸಿನಲ್ಲಿ ಇದು ಖಂಡಿತ ಇರಲಿಲ್ಲ. ಆದರೂ ಜರ್ಮನ್, ಇಂಗ್ಲಿಷ್ ಪದಗಳಿಗಿಂತ ಕನ್ನಡದ್ದು ಪ್ರಯೋಗಕ್ಕೆ ಹತ್ತಿರ ಬಂದು ಕೂತಿದೆ. ಅದೃಷ್ಟ ಎನ್ನಬೇಕು.

ಪ್ರಯೋಗದ ಫಲ ಮಾತ್ರ ಯಾರ ನಿರೀಕ್ಷೆಯಲ್ಲೂ ಇರಲಿಲ್ಲ. ನಿಧಾನವಾದಷ್ಟೂ ಎಲೆಕ್ಟ್ರಾನ್ ಹೆಚ್ಚು ಸಿಕ್ಕಿಕೊಳ್ಳಬೇಕು, ಅದು ಸಾಮಾನ್ಯ ತರ್ಕ. ಆರ್ಗಾನಿನಲ್ಲಿ ಸ್ವಲ್ಪ ದೂರ ಹಾಗೇ ಆಗಿ, ಆಮೇಲೆ ಅಡ್ಡಕೊಯ್ತ ಕುಸಿಯತೊಡಗಿತು. ತೀರ ನಿಧಾನದ ಎಲೆಕ್ಟ್ರಾನುಗಳು ಆರ್ಗಾನ್ ಇಲ್ಲವೇ ಇಲ್ಲ ಎಂಬಂತೆ ನುಸುಳಿಹೋಗುತ್ತಿದ್ದವು. ಅದೇ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಜಾನ್ ಟೌನ್‌ಸೆಂಡ್ ಮತ್ತು ಬೈಲಿ ಪೂರ್ತಿ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಅವರದು ಒಂದೊಂದೇ ವೇಗ ಆಯ್ದ ಕಿರಣವಲ್ಲ. ಅನಿಲದೊಳಗೆ ವಿದ್ಯುತ್ ಕ್ಷೇತ್ರದ ಒತ್ತಡಕ್ಕೆ ತೇಲುತ್ತ ಹರಡುತ್ತ ಸಾಗುವ ಎಲೆಕ್ಟ್ರಾನುಗಳ ಹಿಂಡು. ಹಿಂಡು ಎಷ್ಟು ಬೇಗ ಸಾಗಿತು, ಎಷ್ಟು ಅಗಲಕ್ಕೆ ಹರಡಿತು ಎಂಬುದರಿಂದ ಒಳಗಿನ ಡಿಕ್ಕಿಗಳನ್ನು ಊಹಿಸುವ ಕ್ರಮ ಅದು. ಹೀಗಾಗಿ ಇಬ್ಬರ ಹೆಸರೂ ಸೇರಿ ರಾಮ್‌ಸೌಅರ್-ಟೌನ್‌ಸೆಂಡ್ ಪರಿಣಾಮ.

ಒಗಟು ಬಿಡಿಸಲು ಅಲೆಗಳು ಬೇಕಾದವು. 1925ರಲ್ಲಿ ಗ್ಯೋಟಿಂಗೆನ್‌ನ ವಿದ್ಯಾರ್ಥಿ ವಾಲ್ಟರ್ ಎಲ್ಸಾಸರ್ ಒಂದು ಚಿಕ್ಕ ಟಿಪ್ಪಣಿ ಬರೆದು, ರಾಮ್‌ಸೌಅರ್‌ನ ವಕ್ರರೇಖೆ ಎಲೆಕ್ಟ್ರಾನ್ ಅಲೆ ಎಂಬುದಕ್ಕೆ ಸಾಕ್ಷಿಯಿರಬಹುದು ಎಂದ. ದ ಬ್ರಾಯ್ ಆ ಅಲೆಗಳನ್ನು ಪ್ರಸ್ತಾಪಿಸಿ ಆಗಿನ್ನೂ ಎರಡು ವರ್ಷವೂ ಸರಿಯಾಗಿ ಆಗಿರಲಿಲ್ಲ. 1927ರಲ್ಲಿ ಫಾಕ್ಸೇನ್ ಮತ್ತು ಹೋಲ್ಟ್ಸ್‌ಮಾರ್ಕ್ ಹೊಸ ಕ್ವಾಂಟಂ ಸಿದ್ಧಾಂತದಿಂದ ಲೆಕ್ಕ ಮಾಡಿ ತೋರಿಸಿದರು. 0.3 ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನಿನ ಅಲೆಯುದ್ದ ಸುಮಾರು 22 ಆಂಗ್‌ಸ್ಟ್ರಮ್; ಆರ್ಗಾನ್ ಪರಮಾಣು ಅದರ ಮುಂದೆ ಪುಟ್ಟದು. ಅಲೆ ಪರಮಾಣುವನ್ನು ಹಾದುಹೋಗುವಾಗ ಒಳಗಿನ ಸೆಳೆತದಿಂದ ಅದರ ಏರಿಳಿತ ಸರಿಯಾಗಿ ಅರ್ಧ ಸುತ್ತಿನ ಲೆಕ್ಕದಲ್ಲಿ ಸರಿದುಬಿಟ್ಟರೆ, ಆಚೆ ಬಂದ ಅಲೆಗೆ ತಾನು ಏನನ್ನೋ ದಾಟಿಬಂದ ಗುರುತೇ ಉಳಿಯದು. ಚದುರಿಕೆ ಇಲ್ಲ, ಆದ್ದರಿಂದ ಅಡ್ಡಕೊಯ್ತವೂ ಇಲ್ಲದಷ್ಟು ಕಡಿಮೆ.

ಕ್ಲಾಸಿಯಸ್ಸನ ದುಂಡನೆಯ ಬಿಲ್ಲೆ ಅಲ್ಲಿಗೆ ಮುಗಿಯಿತು. ಅಡ್ಡಕೊಯ್ತವೆಂದರೆ ಇನ್ನು ಮೇಲೆ ಒಂದು ಘಟನೆಯ ಸಂಭವ, ಬರೆಯುವ ಮಾನ ಮಾತ್ರ ಚದರ ಸೆಂಟಿಮೀಟರ್. ಸಂಭವವಾದ ಮೇಲೆ ಅದು ಒಂದೇ ಏಕಿರಬೇಕು? ಸಂತಾನ ಬೆಳೆಯಿತು. ಎಲೆಕ್ಟ್ರಾನ್ ಸುಮ್ಮನೆ ಪುಟಿದುಹೋಗುವುದಕ್ಕೆ ಒಂದು ಅಡ್ಡಕೊಯ್ತ, ಅಣುವನ್ನು ಗಿರಗಿರನೆ ತಿರುಗಿಸುವುದಕ್ಕೆ ಇನ್ನೊಂದು, ಕಂಪಿಸುವಂತೆ ಮಾಡುವುದಕ್ಕೆ, ಉದ್ರೇಕಿಸುವುದಕ್ಕೆ, ಅಯಾನಾಗಿಸುವುದಕ್ಕೆ, ಮುರಿಯುವುದಕ್ಕೆ, ಎಲೆಕ್ಟ್ರಾನು ಅಣುವಿಗೇ ಅಂಟಿಕೊಳ್ಳುವುದಕ್ಕೆ ಒಂದೊಂದು. ಒಂದೇ ಸಾರಜನಕದ ಅಣುವಿಗೆ ಹತ್ತಾರು ಅಡ್ಡಕೊಯ್ತಗಳು. ಸಂವೇಗ ವರ್ಗಾವಣೆಯ ಅಡ್ಡಕೊಯ್ತವೆಂಬ ಇನ್ನೊಂದು ವಿಚಿತ್ರ ಕೂಸಿದೆ. ಅದರಲ್ಲಿ ಸವರಿಕೊಂಡು ಹೋದ ಡಿಕ್ಕಿಗೆ ಬೆಲೆ ಸೊನ್ನೆಗೆ ಹತ್ತಿರ, ಬಂದ ದಾರಿಗೇ ಮರಳಿಸಿದ ಡಿಕ್ಕಿಗೆ ಎರಡರಷ್ಟು ಬೆಲೆ. ಇದಂತೂ ವಿಸ್ತೀರ್ಣಕ್ಕೆ ಅಂಕ ಕೊಟ್ಟು ಕೂಡಿಸಿದ ಹಾಗೆ.

ಅಂಟಿಕೊಳ್ಳುವ ವಿಷಯದಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಪ್ರಸಿದ್ಧ. ಬೆಂಗಳೂರಿನಂಥ ಊರುಗಳಲ್ಲಿ ಜಾಗ ಉಳಿಸಲೆಂದು ಕಟ್ಟಿದ ಅನಿಲ ನಿರೋಧಕ ಸಬ್‌ಸ್ಟೇಷನ್ನುಗಳ ಲೋಹದ ಕೊಳವೆಗಳಲ್ಲಿ ತುಂಬಿರುವ ಅನಿಲ ಇದೇ. ಬಹುತೇಕ ನಿಂತೇಬಿಟ್ಟಷ್ಟು ನಿಧಾನದ ಎಲೆಕ್ಟ್ರಾನುಗಳಿಗೆ ಇದರ ಅಂಟಿಕೆಯ ಅಡ್ಡಕೊಯ್ತ ಅಣುವಿನ ಮೈಯಳತೆಗಿಂತ ಹತ್ತಾರು ಪಟ್ಟು ದೊಡ್ಡದು. ಅಣು ತಾನಿರುವ ಜಾಗದಿಂದ ಬಹುದೂರ ಕೈಚಾಚಿ ಎಲೆಕ್ಟ್ರಾನನ್ನು ಹಿಡಿಯುತ್ತದೆ. ಕಿಡಿ ಹುಟ್ಟುವ ಮೊದಲೇ ನಂದುತ್ತದೆ.

ಪರಮಾಣು ಬಾಂಬಿನ ಕಾಲದಲ್ಲಿ ಪದಕ್ಕೆ ಒಂದು ಅಡ್ಡಹೆಸರೂ ಬಂತು. 1942ರ ಡಿಸೆಂಬರಿನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹಾಲೊವೇ ಮತ್ತು ಬೇಕರ್ ಎಂಬಿಬ್ಬರು ಊಟಕ್ಕೆ ಕೂತು ಚದರ ಸೆಂಟಿಮೀಟರಿನ 10⁻²⁴ ಪಾಲಿಗೆ ಒಂದು ಚಿಕ್ಕ ಹೆಸರು ಹುಡುಕುತ್ತಿದ್ದರು. ಓಪನ್‌ಹೈಮರ್ ಹೆಸರು ಬಲು ಉದ್ದ. ಮ್ಯಾನ್‌ಲಿ ಎಂಬುವರ ಮೊದಲ ಹೆಸರು ಜಾನ್ ಇಡೋಣವೆಂದರೆ, ಅಮೆರಿಕದ ಆಡುಮಾತಿನಲ್ಲಿ ಅದು ಕಕ್ಕಸು. ಕೊನೆಗೆ ಬಾರ್ನ್ ಎಂದಿಟ್ಟರು. ಹುಲ್ಲು ಕಾಳು ತುಂಬುವ ದೊಡ್ಡ ಕೊಟ್ಟಿಗೆ ಅದು. ನ್ಯೂಕ್ಲಿಯಸ್ಸಿನ ಲೆಕ್ಕಕ್ಕೆ ಆ ವಿಸ್ತೀರ್ಣ ಕೊಟ್ಟಿಗೆಯಷ್ಟೇ ದೊಡ್ಡ ಗುರಿ ಎಂಬ ಹಳ್ಳಿ ಹಾಸ್ಯ. ಯುದ್ಧಕಾಲದ ಗುಟ್ಟನ್ನು ಕಾಯಲೂ ಅನುಕೂಲ. ಅನಿಲ ಮತ್ತು ಎಲೆಕ್ಟ್ರಾನುಗಳ ಕಡೆಯವರು ಈ ಹೆಸರನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಅವರ ಅಡ್ಡಕೊಯ್ತಗಳು 10⁻¹⁶ ಚದರ ಸೆಂಟಿಮೀಟರಿನ ಆಸುಪಾಸಿನವು, ಅಂದರೆ ಒಂದೊಂದೂ ಹತ್ತು ಕೋಟಿ ಕೊಟ್ಟಿಗೆ! ಅವರಿಗೆ ತಮ್ಮದೇ ಒಂದು ಮಾನವಿದೆ, ಟೌನ್‌ಸೆಂಡ್. ವಿದ್ಯುತ್ ಕ್ಷೇತ್ರವನ್ನು ಅನಿಲದ ಸಾಂದ್ರತೆಯಿಂದ ಭಾಗಿಸಿದ್ದಕ್ಕೆ 1966ರ ಸುಮಾರಿಗೆ ಹಕ್ಸ್‌ಲಿ, ಕ್ರಾಂಪ್ಟನ್, ಎಲ್‌ಫರ್ಡ್ ಸೂಚಿಸಿದ ಹೆಸರು. ಬಿಡಿಸಿ ನೋಡಿದರೆ 10⁻¹⁷ ವೋಲ್ಟ್ ಚದರ ಸೆಂಟಿಮೀಟರ್. ಅಲ್ಲೂ ಒಂದು ವಿಸ್ತೀರ್ಣ ಅಡಗಿ ಕೂತಿದೆ.

ಇನ್ನು ಪದ ಕಂಪ್ಯೂಟರಿನೊಳಗೆ ಹೊಕ್ಕ ಕಥೆ. ಟ್ಯೂಬ್‌ಲೈಟನ್ನೇ ತೆಗೆದುಕೊಳ್ಳಿ. ಅದರಲ್ಲಿ ಪಾದರಸದ ಆವಿಗಿಂತ ಆರ್ಗಾನ್ ನೂರಾರು ಪಟ್ಟು ಹೆಚ್ಚು. ಆದರೆ ಆರ್ಗಾನನ್ನು ಉದ್ರೇಕಿಸಲು 11.5 ಎಲೆಕ್ಟ್ರಾನ್ ವೋಲ್ಟ್ ಬೇಕು, ಪಾದರಸಕ್ಕೆ 4.9ರ ಒಳಗೇ ಸಾಕು. ಎಲೆಕ್ಟ್ರಾನುಗಳು ಆರ್ಗಾನಿಗೆ ಬಡಿದು ಬಡಿದು ಪುಟಿಯುತ್ತವೆ. ಸರಾಸರಿ ಒಂದು ಡಿಕ್ಕಿಗೆ ಶಕ್ತಿಯಲ್ಲಿ ಕಳೆದುಕೊಳ್ಳುವುದು ಸುಮಾರು 36 ಸಾವಿರದಲ್ಲಿ ಒಂದು ಪಾಲು. ಕೂಡಿಟ್ಟ ಶಕ್ತಿಯನ್ನು ಪಾದರಸ ಸಿಕ್ಕಿದಾಗ ಒಮ್ಮೆಗೇ ಖರ್ಚು ಮಾಡುತ್ತವೆ, ನೇರಳಾತೀತ ಬೆಳಕು ಹುಟ್ಟುತ್ತದೆ. ಎಷ್ಟು ಎಲೆಕ್ಟ್ರಾನುಗಳಿಗೆ ಎಷ್ಟು ಶಕ್ತಿ ಎಂಬ ಹಂಚಿಕೆಯನ್ನು ಬೋಲ್ಟ್ಸ್‌ಮನ್ ಸಮೀಕರಣ ಬಿಡಿಸಿ ತಿಳಿಯಬೇಕು, ಆ ಸಮೀಕರಣಕ್ಕೆ ಉಣಿಸುವುದು ಅಡ್ಡಕೊಯ್ತಗಳನ್ನು.

1962ರಲ್ಲಿ ವೆಸ್ಟಿಂಗ್‌ಹೌಸ್ ಪ್ರಯೋಗಾಲಯದ ಫ್ರಾಸ್ಟ್ ಮತ್ತು ಫೆಲ್ಪ್ಸ್ ಈ ಗಾಡಿಯನ್ನು ಹಿಂದುಮುಂದಾಗಿ ಓಡಿಸಿದರು. ಜಲಜನಕ ಮತ್ತು ಸಾರಜನಕದ ಅಡ್ಡಕೊಯ್ತಗಳನ್ನು ಮೊದಲು ಊಹಿಸು, ಸಮೀಕರಣ ಬಿಡಿಸಿ ಎಲೆಕ್ಟ್ರಾನ್ ಹಿಂಡಿನ ವೇಗ, ಹರಡುವಿಕೆ ಲೆಕ್ಕ ಹಾಕು, ಅಳತೆಯ ಜೊತೆ ತಾಳೆ ನೋಡು, ಕೂಡದಿದ್ದರೆ ಅಡ್ಡಕೊಯ್ತವನ್ನು ತಿದ್ದು, ಮತ್ತೆ ಮೊದಲಿನಿಂದ. ಹೀಲಿಯಂನಂಥ ಸಾಧು ಅನಿಲದಲ್ಲಿ ಕ್ಯಾನ್‌ಬೆರಾದ ಕ್ರಾಂಪ್ಟನ್ ತಂಡ ಇದೇ ದಾರಿಯಿಂದ ಶೇಕಡಾ ಒಂದೆರಡರ ನಿಖರತೆ ತಲುಪಿತು. ಅಣು ಜಟಿಲವಾದಂತೆ ತೊಡಕು ಹೆಚ್ಚು: ಒಂದೇ ಅಳತೆಗೆ ಒಗ್ಗುವ ಅಡ್ಡಕೊಯ್ತದ ಪಟ್ಟಿಗಳು ಒಂದಕ್ಕಿಂತ ಹೆಚ್ಚು ಇರಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಹೊಸಬರು ಎಡವುವ ಜಾಗ. ಹೆಚ್ಚಿನ ಹಳೆಯ ಪಟ್ಟಿಗಳನ್ನು ತಿದ್ದಿದ್ದು ‘ಎರಡು ಪದದ ಅಂದಾಜು’ ಎಂಬ ಸರಳೀಕರಣದಲ್ಲಿ. (ಗಣಿತದಲ್ಲೂ ಪದ ಎಂದೇ ಹೆಸರು, ಪದಜಿಜ್ಞಾಸೆಯವರಿಗೆ ಇಲ್ಲೂ ಬಿಡುಗಡೆಯಿಲ್ಲ.) ಎಲೆಕ್ಟ್ರಾನುಗಳು ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮವಾಗಿ ಓಡುತ್ತವೆ, ಕ್ಷೇತ್ರದ ಕಡೆಗೆ ಚೂರು ವಾಲಿರುತ್ತವೆ ಎಂಬ ನಂಬಿಕೆ ಅದು. ಆ ನಂಬಿಕೆಯ ತಪ್ಪೆಲ್ಲ ತಿದ್ದುವಾಗ ಪಟ್ಟಿಯೊಳಗೆ ಇಂಗಿಹೋಗಿರುತ್ತದೆ. ಅಂಥ ಪಟ್ಟಿಯನ್ನು ಹೆಚ್ಚು ನಿಖರವಾದ ಕ್ರಮಕ್ಕೆ ಉಣಿಸಿದರೆ ಉತ್ತರ ಕೆಡಬಹುದು. ಅಂದರೆ ಅಡ್ಡಕೊಯ್ತ ಈಗ ಅಣುವಿನದಷ್ಟೇ ಅಲ್ಲ, ಲೆಕ್ಕ ಹಾಕಿದವರ ಕ್ರಮದ್ದೂ ಹೌದು.

ಮಾಂಟೆ ಕಾರ್ಲೊ ಕ್ರಮದಲ್ಲಿ ಪದ ಕೊನೆಯ ಲಂಗೋಟಿಯನ್ನೂ ಕಳಚಿತು. ಒಂದೊಂದೇ ಎಲೆಕ್ಟ್ರಾನನ್ನು ಬೆನ್ನಟ್ಟಿ, ಮುಂದಿನ ಡಿಕ್ಕಿ ಯಾವಾಗ ಎಂದು ಚೀಟಿ ಎತ್ತಿ ನಿರ್ಧರಿಸುವ ಕ್ರಮ ಅದು. ದಾರಿಯುದ್ದಕ್ಕೂ ವೇಗ ಬದಲಾಗುವುದರಿಂದ ಡಿಕ್ಕಿಯ ಸಂಭವವೂ ಬದಲಾಗುತ್ತ ಲೆಕ್ಕ ಕಗ್ಗಂಟಾಗುತ್ತದೆ. 1968ರಲ್ಲಿ ನಾರ್ವೆಯ ಸ್ಕುಲ್ಲೆರುಡ್ ಒಂದು ಉಪಾಯ ಹೇಳಿದ: ನಿಜವಾದ ಅಡ್ಡಕೊಯ್ತಗಳ ಜೊತೆಗೆ ಒಂದು ಸುಳ್ಳು ಅಡ್ಡಕೊಯ್ತವನ್ನೂ ಸೇರಿಸಿ, ಒಟ್ಟು ಡಿಕ್ಕಿಗಳ ದರ ಎಲ್ಲ ವೇಗಕ್ಕೂ ಒಂದೇ ಆಗುವಂತೆ ಮಾಡು. ಚೀಟಿ ಸುಳ್ಳಿಗೆ ಬಿದ್ದರೆ ಏನೂ ಆಗಲಿಲ್ಲವೆಂದು ಎಲೆಕ್ಟ್ರಾನನ್ನು ಹಾಗೇ ಮುಂದೆ ಬಿಡು. ಆಶ್ಚರ್ಯವೆಂದರೆ ಉತ್ತರ ಚೂರೂ ಕೆಡುವುದಿಲ್ಲ. ಇಲ್ಲದ ಅಣುವಿನ, ಆಗದ ಡಿಕ್ಕಿಯ, ಯಾರೂ ಕಾಣದ ವಿಸ್ತೀರ್ಣ. ಇವತ್ತಿನ ಪ್ಲಾಸ್ಮಾ ಮಾದರಿಗಳಲ್ಲಿ ಇದರ ಬಳಕೆ ದಿನನಿತ್ಯದ್ದು.

ಅಡ್ಡಕೊಯ್ತಗಳ ಪಟ್ಟಿಗಳನ್ನು ಜೋಪಾನ ಮಾಡುವುದೇ ಒಂದು ವಿದ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈ ವೋಲ್ಟೇಜ್ ವಿಭಾಗದಲ್ಲಿದ್ದು, ಆಮೇಲೆ ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯ ಸೇರಿದ ಗೋರೂರು ಗೋವಿಂದರಾಜು ಅನಿಲ ಅನಿಲಕ್ಕೂ ಪ್ರಕಟವಾದ ಅಡ್ಡಕೊಯ್ತಗಳನ್ನು ಒಟ್ಟುಮಾಡಿ ದಪ್ಪ ಗ್ರಂಥಗಳನ್ನೇ ತಂದಿದ್ದಾರೆ. ಫೆಲ್ಪ್ಸ್ ತನ್ನ ಕಡತಗಳನ್ನು ಕೇಳಿದವರಿಗೆಲ್ಲ ಕೊಟ್ಟ. ಅದೇ ಔದಾರ್ಯದ ಮುಂದುವರಿಕೆಯಾಗಿ ಹಲವು ದೇಶಗಳ ಸಂಶೋಧಕರು ಸೇರಿ ಎಲ್‌ಎಕ್ಸ್‌ಕ್ಯಾಟ್ ಎಂಬ ಮುಕ್ತ ದತ್ತಕೋಶ ಕಟ್ಟಿದ್ದಾರೆ. ಹೆಸರನ್ನು ‘ಎಲೆಕ್‌ಸ್ಕ್ಯಾಟ್’ ಎಂದು ಉಚ್ಚರಿಸಬೇಕಂತೆ, ಎಲೆಕ್ಟ್ರಾನ್ ಚದುರಿಕೆಯ ಇಂಗ್ಲಿಷ್ ಮಾತನ್ನು ಮೊಟಕಿಸಿದ್ದು. ಅಲ್ಲಿಂದ ಪಟ್ಟಿ ಇಳಿಸಿಕೊಂಡು, ಹಾಗೆಲಾರ್ ಮತ್ತು ಪಿಚ್‌ಫರ್ಡ್ 2005ರಲ್ಲಿ ವಿವರಿಸಿದ ಬೋಲ್ಸಿಗ್ ಪ್ಲಸ್ ತಂತ್ರಾಂಶಕ್ಕೆ ಉಣಿಸಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಆ ಪಟ್ಟಿಯನ್ನು ಯಾವ ಕ್ರಮದಲ್ಲಿ ತಿದ್ದಿದ್ದರು ಎಂಬ ಟಿಪ್ಪಣಿಯನ್ನು ಓದುವ ತಾಳ್ಮೆ ಎಷ್ಟು ಜನಕ್ಕಿದೆಯೋ, ನನಗೆ ಸಂಶಯ.

ಸದ್ಯಕ್ಕೆ ಬೇಡಿಕೆ ಹೆಚ್ಚಿರುವುದು ಸಬ್‌ಸ್ಟೇಷನ್ನಿನ ಕಡೆಯಿಂದ. ಸಲ್ಫರ್ ಹೆಕ್ಸಾಫ್ಲೋರೈಡ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 23 ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಯುರೋಪಿನ ಒಕ್ಕೂಟ 2026ರಿಂದ ಮಧ್ಯಮ ವೋಲ್ಟೇಜಿನ ಹೊಸ ಸ್ವಿಚ್ಚುಗಳಲ್ಲಿ ಅದನ್ನು ಹಂತ ಹಂತವಾಗಿ ನಿಷೇಧಿಸುವ ಕಾನೂನು ಮಾಡಿದೆ. ಬದಲಿ ಅನಿಲಗಳೆಲ್ಲ ದೊಡ್ಡ ಅಣುಗಳವು, ಅವುಗಳ ಅಡ್ಡಕೊಯ್ತಗಳನ್ನು ಒಂದೊಂದಾಗಿ ಬಿಡಿಸುವುದು ಕಷ್ಟ. ಜ್ಯೂರಿಕ್‌ನ ಇಟಿಎಚ್ ಪ್ರಯೋಗಾಲಯದಲ್ಲಿ ಇಂಥ ಅನಿಲಗಳಲ್ಲಿ ಎಲೆಕ್ಟ್ರಾನ್ ಹಿಂಡು ಬಿಟ್ಟು ಅಳೆಯುವ ಕೆಲಸ ನಡೆಯುತ್ತಿದೆ, ಟೌನ್‌ಸೆಂಡ್‌ನ ದಾರಿಯಲ್ಲೇ. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ತಂಡ 2020ರ ಸುಮಾರಿಗೆ ಫ್ರಾಸ್ಟ್, ಫೆಲ್ಪ್ಸರ ತಿದ್ದುವ ಕೆಲಸವನ್ನು ನ್ಯೂರಲ್ ನೆಟ್‌ವರ್ಕಿಗೆ ಕಲಿಸಿತು. ದತ್ತಕೋಶದಲ್ಲಿರುವ ಹಳೆಯ ಅಡ್ಡಕೊಯ್ತಗಳನ್ನೇ ಮಾದರಿಯಾಗಿ ಉಣಿಸಿ, ಹಿಂಡಿನ ಅಳತೆ ಕೊಟ್ಟರೆ ಹೊಸ ಅನಿಲದ ಅಡ್ಡಕೊಯ್ತವನ್ನು ಅದು ತಾನೇ ಬರೆದುಕೊಡುತ್ತದೆ, ಚದರ ಮೀಟರುಗಳಲ್ಲಿ.